ದೋಕ್‌ಗೋಲ್ ಯಾರ ತವರು?

"ದೋಕ್‌ಗೋಲ್‌ಗೆ ಹೋಗ್ತೀನಿ ಅಂದಿದ್ರು."

ಇಷ್ಟು ಹೇಳಿ ಜೊಂಗ್‌ನಿಮ್ ಮತ್ತೆ ಮೂಲಂಗಿ ಸೊಪ್ಪಿನ ಕಟ್ಟು ಬಿಚ್ಚತೊಡಗಿದಳು. ಪತ್ತೇದಾರ ತಾಕ್ ಕೈಯಲ್ಲಿದ್ದ ಬಾರ್ಲಿ ಚಹಾದ ಬಟ್ಟಲನ್ನು ಕೆಳಗಿಟ್ಟ.

"ಯಾರು ಅಂದದ್ದು? ಯಾವಾಗ?"

"ನಮ್ಮೆಜಮಾನ್ರು. ಶನಿವಾರ ಬೆಳಗ್ಗೆ, ಶೂ ಕಟ್ಟಿಕೊಳ್ತಾ."

"ಇವತ್ತು ಮಂಗಳವಾರ, ಅಮ್ಮಾ."

"ಕ್ಯಾಲೆಂಡರ್ ನಮ್ಮನೇಲೂ ಇದೆ."

ಅವಳ ಗಂಡ ಗೂಕ್ ಮೇಷ್ಟ್ರು ಕಾಣೆಯಾದಾಗಿನಿಂದ ತಾಕ್ ಈ ಅಡುಗೆಮನೆಗೆ ಬರುತ್ತಲೇ ಇದ್ದ. ಎಲ್ಲಿಗೆ ಹೋಗುತ್ತೇನೆಂದು ಹೇಳಿದ್ದರು ಎಂದು ಅವನು ಕೇಳುವುದು, ಏನೂ ಹೇಳಲಿಲ್ಲ ಎಂದು ಅವಳು ಅನ್ನುವುದು. ಹೈಸ್ಕೂಲಿನಲ್ಲಿ ಚೀನೀ ಅಕ್ಷರ ಕಲಿಸುತ್ತಿದ್ದ ಮೇಷ್ಟ್ರಿಗೆ ಬಿಡುವು ಸಿಕ್ಕಿತೆಂದರೆ ಹಳ್ಳಿ ಸುತ್ತುವ ಹುಚ್ಚು. ನಕ್ಷೆಯಲ್ಲಿಲ್ಲದ ಹೊಲ, ಹಳ್ಳ, ದಿಬ್ಬಗಳ ಹೆಸರನ್ನು ಮುದುಕರ ಬಾಯಿಂದ ಕೇಳಿ, ಆ ಹೆಸರುಗಳ ಜಾಡು ಹಿಡಿದು, ಸಾವಿರ ವರ್ಷಕ್ಕೂ ಹಿಂದಿನ ಬೆಕ್ಜೆ ಅರಸರ ಕಾಲದ ಗಾರಿಬುರಿ ಎಂಬ ಊರು ಎಲ್ಲಿತ್ತೆಂದು ಹುಡುಕುತ್ತಿದ್ದರು. ಈಗ ಅವರನ್ನೇ ಹುಡುಕಬೇಕಾಗಿ ಬಂದಿತ್ತು.

"ಯಾಕೆ ಮುಚ್ಚಿಟ್ರಿ?"

"ಗಂಡ ಯಾವ ಹೆಂಗಸಿನ ಹತ್ರ ಹೋದ ಅಂತ ಪೊಲೀಸರಿಗೆ ಹೇಳೋಕೆ ನಾಚಿಕೆ ಆಗಲ್ವಾ?"

"ಹೆಂಗಸಾ? ದೋಕ್‌ಗೋಲ್ ಊರಿನ ಹೆಸರಲ್ವಾ?"

ಜೊಂಗ್‌ನಿಮ್ ನಕ್ಕಳು. ಕಣ್ಣು ನಗಲಿಲ್ಲ.

"ಈ ಸೀಮೆಯವರೇ ಹೀಗೆ ಕೇಳಿದ್ರೆ ಹೇಗೆ? ನಾನು ಸಿಯೋಲ್‌ನಿಂದ ಈ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ಸಾಯೋವರೆಗೂ ನನ್ನ ಹೆಸರು ಹಿಡಿದು ಕರೀಲಿಲ್ಲ. 'ಸಿಯೋಲ್‌ನವಳೇ, ನೀರು ತಾ.' ಎದುರುಮನೆಯವಳು ಸೆಮ್‌ಗೋಲ್‌ನವಳು. ಮೂಲೆಮನೆಯವಳು ಹಾನ್‌ಬಾತ್‌ನವಳು. ನಿಮ್ಮಲ್ಲಿ ಊರಿನ ಹೆಸರು ಅಂದ್ರೆ ಹೆಂಗಸಿನ ಹೆಸರೇ, ಅವಳ ತವರಿನ ಹೆಸರು."

"ಹಾಗಾದ್ರೆ ದೋಕ್‌ಗೋಲ್‌ನವಳು ಯಾರು?"

"ಇವರ ಜೊತೆ ಹಳ್ಳಿ ಸುತ್ತೋ ಆ ಪ್ಯೊ ಟೀಚರಮ್ಮ. ಇನ್ಯಾರು? ದಕ್ಷಿಣದವಳು. ತವರು ಯಾವುದೋ ಹಳ್ಳಿ."

"ಪ್ಯೊ ಟೀಚರಿಗೆ ಮದುವೆ ಆಗಿಲ್ಲ. ಮದುವೆ ಆಗದವಳನ್ನ ಯಾರೂ ಹಾಗೆ ಕರೆಯಲ್ಲ."

"ಅದೇ ನನ್ನ ಹೊಟ್ಟೆಯುರಿ, ಸಾಹೇಬ್ರೇ." ಅವಳು ಸೊಪ್ಪನ್ನು ಬುಟ್ಟಿಗೆ ಎಸೆದಳು. "ಮದುವೆ ಆಗದವಳಿಗೆ ಆ ಹೆಸರು ಕೊಡೋ ಗಂಡಸು ಮನಸ್ಸಲ್ಲಿ ಅವಳನ್ನ ಆಗಲೇ ಮನೆ ತುಂಬಿಸಿಕೊಂಡಿರಲ್ವಾ? ಚಳಿ ಹೋದಾಗಿನಿಂದ ಅದೇ ಜಪ. ಕಾಲು ತೊಳೀತಾ ದೋಕ್‌ಗೋಲ್. ಪೇಪರ್ ಮಡಚ್ತಾ ದೋಕ್‌ಗೋಲ್. ನನ್ನ ಹೆಸರನ್ನ ಅವರು ಅಷ್ಟು ಮೆತ್ತಗೆ ಹೇಳಿದ್ದನ್ನ ನಾನು ಕೇಳಿಯೇ ಇಲ್ಲ."

ತಾಕ್ ಅವಳ ಕೈ ನೋಡಿದ. ಬೆರಳ ತುದಿಗಳಿಗೆಲ್ಲ ಪ್ಲಾಸ್ಟರ್ ಸುತ್ತಿತ್ತು.

"ಇದೇನು?"

"ಸಿಂಪಿಯ ಚಿಪ್ಪು ಬಿಡಿಸ್ತಾ ಕುಯ್ದುಕೊಂಡೆ."

"ಇಷ್ಟು ದಿನ ಇಲ್ಲದ್ದು, ಇವತ್ತು ಯಾಕೆ ಹೇಳಿದ್ರಿ?"

ಅವಳು ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. "ನಿದ್ದೆ ಬರ್ತಿಲ್ಲ," ಎಂದಳು. ಆಮೇಲೆ ಗೋಡೆಯ ಮೊಳೆಯಿಂದ ಕೋಟು ತೆಗೆದುಕೊಂಡಳು. "ನಾನೂ ಬರ್ತೀನಿ. ಬೇಡ ಅನ್ಬೇಡಿ."

ತಾಕ್ ಬೇಡ ಅನ್ನಲಿಲ್ಲ. ಅವನಿಗೆ ಆಗಲೇ ಒಂದು ಜಾಗ ಹೊಳೆದಿತ್ತು. ದೋಕ್ ಎಂದರೆ ಗುಡಾಣ. ಹಿತ್ತಲಲ್ಲಿ ಸೋಯಾ ಹುಳಿ ತುಂಬಿಡುವ ಮಣ್ಣಿನ ಗುಡಾಣ. ಗೋಲ್ ಎಂದರೆ ಕಣಿವೆ. ಗುಡಾಣದ ಕಣಿವೆಯನ್ನು ಚೀನೀ ಅಕ್ಷರದಲ್ಲಿ ಬರೆದರೆ ಒಂಗ್‌ದೊಂಗ್. ಆ ಹೆಸರಿನ ಹಳ್ಳಿ ನದಿಯ ಆಚೆ ದಡದಲ್ಲೇ ಇತ್ತು. ಪೊಲೀಸರು ಅದರ ಸುತ್ತಮುತ್ತ ಆಗಲೇ ಹುಡುಕಾಟ ಶುರು ಮಾಡಿದ್ದರು, ಏಕೆಂದರೆ ಗೂಕ್ ಮೇಷ್ಟ್ರಿಗೆ ಇದ್ದ ಒಬ್ಬನೇ ವೈರಿ ಅಲ್ಲಿ ನೆಲ ಅಗೆಸುತ್ತಿದ್ದ.

*

ಪ್ರೊಫೆಸರ್ ಚೊನ್ ಡೇರೆಯ ಕೆಳಗೆ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಕತ್ತಿಗೆ ರೇಷ್ಮೆ ಕರವಸ್ತ್ರ. ಎದುರಿಗೆ ದಾರ ಕಟ್ಟಿ ಚೌಕ ಮಾಡಿದ ಅಗೆತದ ಗುಂಡಿಗಳು. ಬೂದು ಮಣ್ಣಿನಲ್ಲಿ ಒಡೆದ ಗುಡಾಣಗಳ ಚೂರುಗಳು.

"ದೋಕ್‌ಗೋಲ್?" ಚೊನ್ ನಕ್ಕರು. "ನೀವು ನಿಂತಿರೋದೇ ದೋಕ್‌ಗೋಲ್. ಹಳ್ಳಿಯವರು ದೋಕ್ ಅಂದ್ರು, ಜಪಾನಿನವರ ಕಾಲದ ಗುಮಾಸ್ತ ಅದನ್ನ ಒಂಗ್ ಅಂತ ಬರ್ಕೊಂಡ. ಅರ್ಥ ಎರಡೂ ಗುಡಾಣ. ಗಾರಿಬುರಿಯ ಕುಂಬಾರರು ಇಲ್ಲಿದ್ರು. ಅಂದ್ಮೇಲೆ ಗಾರಿಬುರಿಯೂ ಇಲ್ಲೇ. ನಾನು ಇದನ್ನ ಎಂದೋ ಬರೆದಾಯ್ತು."

"ಗೂಕ್ ಮೇಷ್ಟ್ರು ಒಪ್ಪಲಿಲ್ಲ."

"ಅವನು ಯಾವುದನ್ನ ಒಪ್ಪಿದಾನೆ? ಪೇಪರಿನಲ್ಲಿ ನನ್ನ ಮೇಲೆ ಬರೆದ. ಪ್ರೊಫೆಸರಿಗೆ ಸಿಕ್ಕಿದ್ದು ಬರೀ ಕುಂಬಾರರ ಹಳೇ ಆವಿಗೆ ಅಂತ."

"ಸಿಟ್ಟು ಬಂತಾ?"

"ಸಿಟ್ಟಾ?" ಚೊನ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ನೋಡಿ ತಾಕ್, ನಾನು ಕಲಿತದ್ದು ಅವನಿಗಿಂತ ಹೆಚ್ಚು. ಅಗೆದದ್ದೂ ಹೆಚ್ಚು. ಆದ್ರೆ ನಾನು ಹಳ್ಳಿಗೆ ಕಾಲಿಟ್ಟರೆ ಮುದುಕರು ನಾಯಿ ಬಿಚ್ತಾರೆ. ಅವನು ಹೋದ್ರೆ ಸುಟ್ಟ ಗೆಣಸು ಕೊಡ್ತಾರೆ. ಅವನು ಸುಮ್ಮನೆ ಕೂತು 'ಆಮೇಲೆ?' ಅಂತಾನೆ, ಜನ ಅವನ ಹಿಂದೆ ಹೋಗ್ತಾರೆ. ಹೋಗಬಾರದವರೂ ಹೋಗ್ತಾರೆ."

"ಯಾರು ಹೋಗಬಾರದವರು?"

ಚೊನ್ ಉತ್ತರಿಸುವ ಮೊದಲೇ ಇಳಿಜಾರಿನಿಂದ ಪ್ಯೊ ಇನ್‌ಸುಕ್ ಇಳಿದು ಬಂದಳು. ಭೂಗೋಳದ ಟೀಚರ್. ಗೂಕ್ ಮೇಷ್ಟ್ರ ಜೊತೆ ಹೆಸರು ಹುಡುಕುತ್ತ ನಡೆದವಳು. ಭಾನುವಾರದಿಂದ ಪೊಲೀಸರ ಜೊತೆ ಅವಳೂ ಹುಡುಕುತ್ತಿದ್ದಳು. ಪ್ಯಾಂಟಿಗೆ ಮುಳ್ಳು ಅಂಟಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಚೊನ್ ಎದ್ದು ತಮ್ಮ ಕುರ್ಚಿಯನ್ನು ಅವಳ ಕಡೆ ತಳ್ಳಿದರು. "ಕಾಫಿ ತನ್ನಿ," ಎಂದು ವಿದ್ಯಾರ್ಥಿಗಳ ಕಡೆ ಕೂಗಿದರು. "ಸಕ್ಕರೆ ಬೇಡ. ಪ್ಯೊ ಟೀಚರ್ ಸಕ್ಕರೆ ಹಾಕಲ್ಲ."

ಪ್ಯೊ ಕೂರಲಿಲ್ಲ. ಅವಳು ತಾಕ್‌ನ ಹಿಂದೆ ನಿಂತಿದ್ದ ಜೊಂಗ್‌ನಿಮ್‌ಳನ್ನು ನೋಡಿದ್ದಳು.

"ಗಂಟಲು ಕಟ್ಟೋವಷ್ಟು ಕೂಗಿದೀರಲ್ಲ, ಟೀಚರಮ್ಮ," ಎಂದಳು ಜೊಂಗ್‌ನಿಮ್. "ನನಗೂ ಸ್ವಲ್ಪ ಉಳಿಸ್ಬೇಕಿತ್ತು. ಹೆಂಡ್ತಿ ನಾನು."

"ಬಂದಿದ್ರೆ ಇಬ್ರೂ ಸೇರಿ ಕೂಗ್ತಿದ್ವಿ, ಅಮ್ಮಾವ್ರೇ. ನೀವು ಬರಲಿಲ್ಲ."

"ನಿಮ್ಮ ತವರು ಯಾವುದು?"

"ದಕ್ಷಿಣದ ಬೋಲ್‌ಗ್ಯೊ ಹತ್ರ. ಯಾಕೆ?"

"ದೋಕ್‌ಗೋಲ್ ಅಲ್ವಾ?"

ಪ್ಯೊ ಮುಖದ ಬಣ್ಣ ಹೋಯಿತು. ತಾಕ್ ಅದನ್ನು ಗಮನಿಸಿದ. ಸಿಕ್ಕಿಬಿದ್ದವಳ ಮುಖ ಅದಾಗಿರಲಿಲ್ಲ. ಏನನ್ನೋ ಕಳೆದುಕೊಂಡವಳ ಮುಖವಾಗಿತ್ತು.

"ಆ ಹೆಸರು ನಿಮಗೆ ಯಾರು ಹೇಳಿದ್ರು?"

"ನನ್ನ ಗಂಡ."

"ನನಗೆ ಹೇಳಲಿಲ್ಲ." ಅವಳ ಒಡೆದ ದನಿ ಇನ್ನಷ್ಟು ಒಡೆಯಿತು. "ಎರಡು ವರ್ಷ ಅವರ ಜೊತೆ ಹಳ್ಳಿಹಳ್ಳಿ ನಡೆದೆ. ಎಲ್ಲಾ ಹೆಸರೂ ಸಿಕ್ಕಿತ್ತು, ನಡುವಿನದು ಒಂದು ಸಿಕ್ಕಿರಲಿಲ್ಲ. ಸಿಕ್ಕಿದಾಗ ನನಗೆ ಹೇಳಲಿಲ್ಲ. ಮನೇಲಿ ನಿಮ್ಮ ಮುಂದೆ ಹೇಳಿಕೊಂಡು ಓಡಾಡಿದ್ರು. ಅಲ್ವಾ?"

ಜೊಂಗ್‌ನಿಮ್‌ಳ ಮುಖದಲ್ಲಿ ಒಂದು ಬೆಳಕು ಸುಳಿಯಿತು. ಸುಳಿದಷ್ಟೇ ಬೇಗ ಆರಿತು.

"ನಾಟಕ ಬೇಡ."

"ನಾಟಕಾನಾ? ಬೆಟ್ಟದ ಮೇಲೆ ಅನ್ನದುಂಡೆ ಬಿಚ್ಚಿದಾಗ ಅವರು ಏನು ಮಾತಾಡ್ತಿದ್ರು ಗೊತ್ತಾ? ನೀವು ಮಾಡೋ ಸೋಯಾ ಸಾರು. ನೀವು ಉಪ್ಪಿಗೆ ಹಾಕೋ ಸೀಗಡಿ. ನಾನು ಬೆಳಗ್ಗೆ ಎದ್ದು ಕಟ್ಟಿಕೊಂಡು ಬಂದ ಬುತ್ತಿ ತಿನ್ತಾ ನಿಮ್ಮ ಕೈರುಚಿ ಹೊಗಳ್ತಿದ್ರು. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಇರೋದು ಅಂದ್ಕೊಂಡ್ರಾ?"

ಸುತ್ತ ನಿಂತ ಪೇದೆಗಳು ನೆಲ ನೋಡಿದರು. ಗುಂಡಿಯಲ್ಲಿದ್ದ ವಿದ್ಯಾರ್ಥಿಗಳು ಕುಂಚ ಆಡಿಸುವುದನ್ನು ನಿಲ್ಲಿಸಿದರು.

"ಸುಳ್ಳು!" ಜೊಂಗ್‌ನಿಮ್ ಒಂದು ಹೆಜ್ಜೆ ಮುಂದೆ ಬಂದಳು. ಟೀಚರಮ್ಮ ಹೋಗಿ ಏಕವಚನ ಬಂತು. "ಮನೆಗೆ ಬಂದ್ರೆ ಅವರ ಬಾಯಲ್ಲಿ ನಿನ್ನದೇ ಮಾತು. ಹೋದ ವಾರ ಅನ್ನದಲ್ಲಿ ಕಲ್ಲು ಸಿಕ್ತು. ಕಟಕ್ ಅಂತು. ಏನಂದ್ರು ಗೊತ್ತಾ? 'ಅನ್ನದಲ್ಲಿ ದೋಕ್ ಇದೆ' ಅಂದ್ರು! ಕಲ್ಲಿಗೆ ನಾವು ದೋಲ್ ಅಂತೀವಿ. ಅವರೂ ಹಾಗೇ ಅಂತಿದ್ದವರು. ದೋಕ್ ಅನ್ನೋದು ನಿನ್ನ ದಕ್ಷಿಣದ ಮಾತು. ನನ್ನ ಅನ್ನ ಬಾಯಲ್ಲಿಟ್ಟುಕೊಂಡು ನಿನ್ನ ನಾಲಿಗೆಯಲ್ಲಿ ಮಾತಾಡಿದ್ರು!"

ಅವಳು ಅತ್ತಳು. ಪ್ಯೊ ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡಳು.

ತಾಕ್ ಮಾತ್ರ ಇಬ್ಬರನ್ನೂ ನೋಡುತ್ತಿರಲಿಲ್ಲ. ಅವನು ಕಾಲಡಿಯ ಗುಡಾಣದ ಚೂರುಗಳನ್ನು ನೋಡುತ್ತಿದ್ದ.

"ಪ್ಯೊ ಟೀಚರ್," ಎಂದ ನಿಧಾನವಾಗಿ. "ನಿಮ್ಮ ಕಡೆ ಕಲ್ಲಿಗೆ ದೋಕ್ ಅಂತಾರಾ?"

"ಅಂತೀವಿ. ನಮ್ಮಜ್ಜಿ ಕಲ್ಲುಸೇತುವೆಗೂ ದೋಕ್‌ದಾರಿ ಅಂತಿದ್ಲು. ಈ ಜಿಲ್ಲೆಯ ದಕ್ಷಿಣದ ಅಂಚಿನಲ್ಲೂ ಹಾಗೇ..." ಅವಳ ಮಾತು ಅಲ್ಲೇ ನಿಂತಿತು.

"ಅಂದ್ರೆ ಗುಡಾಣದ ಕಣಿವೆ ಅಲ್ಲ."

"ಕಲ್ಲಿನ ಕಣಿವೆ," ಎಂದಳು ಪ್ಯೊ.

ಚೊನ್ ಅವರ ಕೈಯಲ್ಲಿದ್ದ ಕಾಗದದ ಲೋಟ ವಾಲಿತು. ಸಕ್ಕರೆಯಿಲ್ಲದ ಕಾಫಿ ಅವರ ಬೂಟಿನ ಮೇಲೆ ಸುರಿಯಿತು. ಅವರು ಅದನ್ನು ಗಮನಿಸಲಿಲ್ಲ.

ಪ್ಯೊ ಚೀಲದಿಂದ ನಕ್ಷೆ ಎಳೆದು ಕುರ್ಚಿಯ ಮೇಲೆ ಹರಡಿದಳು.

"ಇಲ್ಲಿ ಹೆಂಚಿನ ಹೊಲ. ಸುತ್ತಮುತ್ತ ಹೆಂಚಿನ ಮನೆ ಒಂದೂ ಇರಲಿಲ್ಲ, ಆದ್ರೂ ಹೆಸರು ಹೆಂಚಿನ ಹೊಲ. ನೇಗಿಲಿಗೆ ಹೆಂಚಿನ ಚೂರು ಸಿಗುತ್ತೆ. ಇಲ್ಲಿ ಸಂತೆ ದಿಬ್ಬ. ಯಾರ ಮುತ್ತಾತನೂ ಅಲ್ಲಿ ಸಂತೆ ನೋಡಿಲ್ಲ. ಇದು ಕಾವಲು ಗುಡ್ಡ. ಯಾರನ್ನ ಕಾಯ್ತಿದ್ರು, ಯಾರಿಗೂ ಗೊತ್ತಿಲ್ಲ. ಊರು ಹೋಯ್ತು, ಹೆಸರು ಉಳೀತು. ಇವೆಲ್ಲ ಈ ಒಂದು ಕಣಿವೆಗೆ ಮುಖ ಮಾಡಿ ಕೂತಿವೆ. ಕಣಿವೆಗೆ ಮಾತ್ರ ನಕ್ಷೆಯಲ್ಲಿ ಹೆಸರಿಲ್ಲ. ಇಲ್ಲಿಂದ ಮುಂದೆ ನಾವು ಎಷ್ಟು ತಿಣುಕಿದ್ರೂ ದಾರಿ ಸಿಕ್ಕಿರಲಿಲ್ಲ."

"ಕಲ್ಲು ಯಾಕೆ?"

"ಊರಿದ್ದ ಮೇಲೆ ಸ್ಮಶಾನ ಇರ್ಬೇಕಲ್ಲ? ಬೆಕ್ಜೆಯವರು ಗುಡ್ಡದ ಪಕ್ಕೆ ಕೊರೆದು, ಚಪ್ಪಡಿ ಜೋಡಿಸಿ, ಕೋಣೆ ಮಾಡಿ ಸತ್ತವರನ್ನ ಇಡ್ತಿದ್ರು. ಕಲ್ಲುಗೋರಿ. ಅದು ಸಿಕ್ಕಿದ್ರೆ ಗಾರಿಬುರಿ ಸಿಕ್ಕ ಹಾಗೆ." ಅವಳು ತಲೆಯೆತ್ತಿದಳು. "ಅವರು ಗೋರಿಯೊಳಗೆ ಹೋಗಿದ್ದಾರೆ."

ತಾಕ್ ಆಗಲೇ ಜೀಪಿನ ಕಡೆ ಹೊರಟಿದ್ದ.

"ನೀವು ಹೋಗ್ಬೇಡಿ ಟೀಚರ್," ಎಂದರು ಚೊನ್. "ಸುಸ್ತಾಗಿದೀರಿ. ಇಲ್ಲೇ ಕೂತ್ಕೊಳ್ಳಿ. ಸುಮ್ಮನೆ ಯಾಕೆ ಆ ಗುಡ್ಡ ಹತ್ತೋದು?"

ಪ್ಯೊ ಅವರ ಕಡೆ ತಿರುಗಿಯೂ ನೋಡಲಿಲ್ಲ.

*

ಹೆಂಚಿನ ಹೊಲದಲ್ಲಿ ಒಬ್ಬ ಮುದುಕ ಬೆಳ್ಳುಳ್ಳಿಯ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ. ತಾಕ್ ಜೀಪು ನಿಲ್ಲಿಸಿ ತಲೆ ಹೊರಹಾಕಿದ.

"ತಾತಾ, ದೋಕ್‌ಗೋಲ್ ಎಲ್ಲಿ?"

ಮುದುಕ ಯೋಚಿಸಿದ. ಆ ಸೀಮೆಯವರು ನೇರವಾಗಿ ಉತ್ತರ ಕೊಡುವವರಲ್ಲ, ತಾಕ್ ಕೂಡ ಅಲ್ಲಿಯವನೇ, ಕಾದ.

"ಎಲ್ಲಿಗೆ ಹೋಗುತ್ತೆ? ಇದ್ದಲ್ಲೇ ಇದೆ."

"ಎಲ್ಲಿದೆ?"

"ನಿನ್ನ ಬೆನ್ನ ಹಿಂದೆ. ಇದೇನಪ್ಪ, ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ದೋಕ್‌ಗೋಲ್ ಬೇಕು! ಮೊದ್ಲು ಮೇಷ್ಟ್ರು ಹೋದ್ರು. ಆಮೇಲೆ ಇನ್ನೂ ಹೋದ್ರು."

"ಯಾರು ಹೋದ್ರು?"

"ಕಣ್ಣು ಮಂಜು ಕಣಪ್ಪ. ಒಬ್ಬರಲ್ಲ ಅಂತ ಮಾತ್ರ ಗೊತ್ತು. ಜೊತೆಗೆ ಹೋಗಲಿಲ್ಲ, ಬೇರೆ ಬೇರೆ ಹೋದ್ರು."

ಜೀಪು ಮುಂದೆ ಹೋಗಲು ದಾರಿಯಿರಲಿಲ್ಲ. ಇಬ್ಬರು ಪೇದೆಗಳು ಹಾರೆ, ಹಗ್ಗ ಹೆಗಲಿಗೆ ಹಾಕಿಕೊಂಡರು. ಓಕ್ ಮರಗಳ ಚಿಗುರು ಆಗಷ್ಟೇ ಬಿಚ್ಚಿತ್ತು. ಉದುರಿದ ಕೆಂಪು ಜಿಂದಾಲೆ ಹೂವು ದಾರಿಯಲ್ಲಿ ಬಾಡಿ ಬಿದ್ದಿತ್ತು. ಒಂಗ್‌ದೊಂಗ್‌ನ ಬೂದು ಮಣ್ಣು ಇಲ್ಲಿರಲಿಲ್ಲ, ಇಲ್ಲಿನದು ಕೆಮ್ಮಣ್ಣು.

ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು ಮಾತಾಡದೆ ನಡೆದರು. ಒಬ್ಬಳು ಮುಂದಾದರೆ 
ಇನ್ನೊಬ್ಬಳು ಹೆಜ್ಜೆ ಬೀಸಿ ಅವಳನ್ನು ದಾಟುತ್ತಿದ್ದಳು. ದಾಟಿಸಿಕೊಂಡವಳು ಮತ್ತೆ ದಾಟುತ್ತಿದ್ದಳು. ಮೊದಲು ತಲುಪಿದವಳಿಗೇ ಮೇಷ್ಟ್ರು ಸೇರುತ್ತಾರೆಂಬಂತೆ ಇಬ್ಬರೂ ಏದುಸಿರು ಬಿಟ್ಟರು.

ಕಾಲುದಾರಿ ಒಂದು ಕಡೆ ಎರಡಾಗಿ ಒಡೆಯಿತು. ಬಲಕ್ಕೆ ಅಗಲವಾದ ಸವೆದ ದಾರಿ. ಎಡಕ್ಕೆ ಬಿದಿರುಹುಲ್ಲಿನ ನಡುವೆ ಕಂಡೂ ಕಾಣದ ಸಂದು.

"ನಿಲ್ಲಿ," ಎಂದಳು ಪ್ಯೊ. ನಕ್ಷೆ ಬಿಚ್ಚಿದಳು. "ಇಲ್ಲಿ ನಾವು ಯಾವತ್ತೂ ಬಲಕ್ಕೇ ಹೋಗ್ತಿದ್ವಿ. ಎಡಗಡೆ ದಾರಿ ಇದೆ ಅಂತ ನನಗೂ ಗೊತ್ತಿರಲಿಲ್ಲ. ಯಾವ ಕಡೆ ಅಂತ..."

ಅವಳು ಮಾತು ಮುಗಿಸುವ ಹೊತ್ತಿಗೆ ಜೊಂಗ್‌ನಿಮ್ ಎಡಗಡೆಯ ಹುಲ್ಲಿನೊಳಗೆ ಅರ್ಧ ಮರೆಯಾಗಿದ್ದಳು.

ತಾಕ್ ಅವಳ ಹಿಂದೆ ನಡೆದ.

ಹುಲ್ಲು ಮುಗಿದಲ್ಲಿ ಕಣಿವೆ ತೆರೆದುಕೊಂಡಿತು. ತಟ್ಟೆಯ ಹಾಗೆ ಸಮನಾದ ನೆಲ, ಮೂರು ಕಡೆ ಗುಡ್ಡ, ನಡುವೆ ಸಣ್ಣ ತೊರೆ. ಗುಡ್ಡದ ಪಕ್ಕೆಯಲ್ಲಿ ಅಲ್ಲಲ್ಲಿ ಚಪ್ಪಡಿಗಳ ಅಂಚು ಮಣ್ಣಿನಿಂದ ಹೊರಗೆ ಚಾಚಿತ್ತು. ಪ್ಯೊ ನಿಂತುಬಿಟ್ಟಳು. ಎರಡು ವರ್ಷ ಹುಡುಕಿದ್ದು ಕಣ್ಣೆದುರಿಗಿತ್ತು. ಆದರೆ ಅವಳ ಬಾಯಿಂದ ಬಂದದ್ದು ಊರಿನ ಹೆಸರಲ್ಲ.

"ಮೇಷ್ಟ್ರೇ!"

ಗುಡ್ಡದಿಂದ ಅವಳ ದನಿಯೇ ತಿರುಗಿ ಬಂತು.

ಜೊಂಗ್‌ನಿಮ್ ಕೂಗಲಿಲ್ಲ. ನೇರವಾಗಿ ಒಂದು ದೊಡ್ಡ ಚೆಸ್ಟ್‌ನಟ್ ಮರದ ಕೆಳಗಿನ ಇಳುಕಲಿಗೆ ಹೋಗಿ ನಿಂತಳು. ಅಲ್ಲಿ ಗುಡ್ಡದ ಪಕ್ಕೆಗೆ ಒಂದು ಚಪ್ಪಡಿ ಆನಿಸಿತ್ತು. ಚಪ್ಪಡಿಯ ಬುಡಕ್ಕೆ ಕಲ್ಲು ಒಟ್ಟಿದ್ದರು. ಮೇಲೆ ಅಂಗೈ ತೂರುವಷ್ಟು ಸಂದಿ ಉಳಿದಿತ್ತು.

ತಾಕ್ ಮಂಡಿಯೂರಿ ಸಂದಿಗೆ ಕಿವಿಯಿಟ್ಟ. ಏನೂ ಕೇಳಲಿಲ್ಲ. ಮೂಗಿಗೆ ಹಸಿ ಮಣ್ಣಿನ ವಾಸನೆ ಬಂತು.

"ಹಾರೆ!"

ಪೇದೆಗಳು ಕಲ್ಲು ಎಳೆದು ಹಾಕಿದರು. ಹಾರೆ ಕೊಟ್ಟು ಒತ್ತಿದರು. ಪ್ಯೊ ಒಂದು ಕಡೆ, ಜೊಂಗ್‌ನಿಮ್ ಒಂದು ಕಡೆ ಚಪ್ಪಡಿಗೆ ಹೆಗಲು ಕೊಟ್ಟರು. ಕಲ್ಲು ನರಳಿತು, ಜರುಗಿತು, ಮಗ್ಗುಲಿಗೆ ಬಿತ್ತು.

ಬಾಗಿ ಹೋಗಬೇಕಾದ ಕಲ್ಲಿನ ಓಣಿ. ಅದರ ಬಾಯಿಯಲ್ಲೇ ಗೂಕ್ ಮೇಷ್ಟ್ರು ಮೊಣಕಾಲು ಮಡಚಿ ಮಲಗಿದ್ದರು. ಕನ್ನಡಕ ಒಡೆದಿತ್ತು. ಗಡ್ಡ ಬೆಳೆದಿತ್ತು. ತಾಕ್ ಕುತ್ತಿಗೆಗೆ ಬೆರಳಿಟ್ಟ. ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

"ಇದ್ದಾರೆ," ಎಂದ. "ಉಸಿರಿದೆ. ಒಬ್ಬ ಕೆಳಗೆ ಓಡು. ಆಂಬುಲೆನ್ಸು."

ಒಬ್ಬ ಪೇದೆ ಹುಲ್ಲು ಸೀಳಿಕೊಂಡು ಓಡಿದ. ಉಳಿದವರು ಮೇಷ್ಟ್ರನ್ನು ಬಿಸಿಲಿಗೆ ತಂದರು. ಪ್ಯೊ ಅವರ ತಲೆ ಎತ್ತಲು ಬಾಗಿದಳು. ಅಷ್ಟರಲ್ಲಿ ಜೊಂಗ್‌ನಿಮ್ ನೆಲಕ್ಕೆ ಕೂತು ಆ ತಲೆಯನ್ನು ತೊಡೆಗೆ ಎಳೆದುಕೊಂಡಾಗಿತ್ತು. ಕೋಟಿನ ಜೇಬಿನಿಂದ ಸಣ್ಣ ಬಾಟಲಿ ತೆಗೆದು, ಬಟ್ಟೆಯ ತುದಿ ಅದ್ದಿ, ಗಂಡನ ತುಟಿಗೆ ಒತ್ತಿದಳು. ಬಾರ್ಲಿ ಚಹಾ.

ತಾಕ್ ಅವಳ ಎದುರಿಗೆ ಕುಕ್ಕರಿಸಿದ.

"ಅಮ್ಮಾ, ಎಡಕ್ಕೆ ತಿರುಗಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವಳು ಬಟ್ಟೆ ಒತ್ತುತ್ತಲೇ ಇದ್ದಳು.

"ಅನ್ನದಲ್ಲಿ ಸಿಕ್ಕ ಕಲ್ಲಿನ ಮಾತನ್ನ ಎಲ್ಲರ ಮುಂದೆ ಬೇಕು ಅಂತಲೇ ಹೇಳಿದ್ರಿ. ನಾವು ಗುಡಾಣ ಬಿಟ್ಟು ಕಲ್ಲಿನ ಕಡೆ ತಿರುಗಲಿ ಅಂತ. ಅಲ್ವಾ?"

"ಸುಳ್ಳು ಹೇಳಲಿಲ್ಲ ನಾನು. ಹಾಗೆ ಅಂದಿದ್ದು ನಿಜ. ನನಗೆ ಉರಿದದ್ದೂ ನಿಜ."

"ಶನಿವಾರ ಅವರ ಹಿಂದೆ ಬಂದ್ರಿ."

"ಬಂದೆ." ಅವಳ ದನಿ ಸಮವಾಗಿತ್ತು. "ಇವಳ ತವರು ನೋಡ್ಬೇಕು ಅಂತ ಬಂದೆ. ಕೈಹಿಡಿದು ಕೂತಿರ್ತಾರೆ, ನೋಡಿ ಮುಖಕ್ಕೆ ಉಗಿದು ಹೋಗೋಣ ಅಂತ. ನೋಡಿದ್ರೆ ಊರೂ ಇಲ್ಲ, ಮನೆಯೂ ಇಲ್ಲ, ಹೆಂಗಸೂ ಇಲ್ಲ. ಈ ಗುಡ್ಡ, ಈ ಕಲ್ಲು. ಇವರೊಬ್ಬರೇ ಮಗುವಿನ ಹಾಗೆ ನಗ್ತಾ ಆ ಬಿಲದೊಳಗೆ ತೆವಳಿಕೊಂಡು ಹೋದ್ರು. ನಾನು ಈ ಮರದ ಹಿಂದೆ ನಿಂತಿದ್ದೆ. ನನಗೆ ಎಷ್ಟು ನಾಚಿಕೆ ಆಯ್ತು ಅಂದ್ರೆ, ತಿರುಗಿ ಹೋಗ್ತಿದ್ದೆ."

"ಹೋಗಲಿಲ್ಲ."

"ಇನ್ನೊಬ್ಬರು ಬಂದ್ರು. ಚಪ್ಪಡಿ ತಳ್ಳಿದ್ರು. ಕಲ್ಲು ಒಟ್ಟಿದ್ರು."

ಪ್ಯೊ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನೀವು ನೋಡ್ತಾ ನಿಂತಿದ್ರಾ?"

"ನಿಂತಿದ್ದೆ. ಕೂಗ್ಬೇಕಿತ್ತು, ಕೂಗಲಿಲ್ಲ. ಒಂದು ರಾತ್ರಿ ಇರ್ಲಿ ಅಂದ್ಕೊಂಡೆ. ನಾನು ಎಷ್ಟು ರಾತ್ರಿ ಇವರಿಗೆ ಕಾದಿಲ್ಲ? ಒಂದು ರಾತ್ರಿ ಇವರೂ ಯಾರಿಗಾದ್ರೂ ಕಾಯಲಿ." ಅವಳು ಗಂಡನ ಹಣೆಯ ಮಣ್ಣು ಒರೆಸಿದಳು. "ಮನೆಗೆ ಹೋಗಿ ಅನ್ನ ಮಾಡಿದೆ. ತಿನ್ನೋಕೆ ಆಗಲಿಲ್ಲ. ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಓಡಿ ಬಂದೆ. ಚಪ್ಪಡಿ ಅಲ್ಲಾಡಲಿಲ್ಲ. ಬೆರಳ ತುದಿಯ ಚರ್ಮ ಕಿತ್ತುಬಂತು. ಸಂದಿಯಿಂದ ಚಹಾ ಸುರಿದೆ. ಒಳಗೆ ಇವರು ಕೈಯೊಡ್ಡಿ ಕುಡಿದ್ರು. ಕುಡಿದು ಏನಂದ್ರು ಗೊತ್ತಾ, ಸಾಹೇಬ್ರೇ?"

ತಾಕ್ ಅವಳ ಬೆರಳುಗಳ ಪ್ಲಾಸ್ಟರ್ ನೋಡಿದ.

"'ಪ್ಯೊ ಟೀಚರಾ?' ಅಂದ್ರು."

ಅವಳು ಬಟ್ಟೆಯನ್ನು ಮತ್ತೆ ಚಹಾದಲ್ಲಿ ಅದ್ದಿದಳು.

"ಮನೆಗೆ ಹೋದೆ," ಎಂದಳು ಜೊಂಗ್‌ನಿಮ್. "ನಿನ್ನೆ ಮತ್ತೆ ಬಂದೆ. ಚಹಾ ಸುರಿದೆ. ಈ ಸಲ ಏನೂ ಅನ್ನಲಿಲ್ಲ. ಅವಳ ಹೆಸರನ್ನಾದ್ರೂ ಕರೀರಿ ಅಂತ ಸಂದಿಗೆ ಬಾಯಿಟ್ಟು ಬೇಡಿಕೊಂಡೆ. ಅನ್ನಲಿಲ್ಲ."

ಅವಳು ಅಳಲಿಲ್ಲ. ಅಡುಗೆಮನೆಯಲ್ಲಿ ನಕ್ಕ ಹಾಗೆಯೇ ಈಗಲೂ ಅವಳ ಬಾಯಿ ಒಂದು ಕಡೆ, ಕಣ್ಣು ಒಂದು ಕಡೆ ಇದ್ದವು. ತಾಕ್‌ಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಮೊದಲು ಕೇಳಬೇಕಾದದ್ದು ಬೇರೆಯಿತ್ತು.

"ಚಪ್ಪಡಿ ತಳ್ಳಿದವರು ಯಾರು?"

"ಗಂಡಸು."

"ಮುಖ ನೋಡಿದ್ರಾ?"

"ನೋಡಿದೆ. ಗುರುತೂ ಸಿಕ್ತು. ಮಾತೂ ಕೇಳಿಸ್ತು. ಕೊನೇ ಕಲ್ಲು ಇಟ್ಟು, 'ಇನ್ನು ಅವಳ ಜೊತೆ ನಡಿ, ನೋಡೋಣ' ಅಂದ್ರು. ಕನ್ನಡಕ ತೆಗೆದು ಒರೆಸ್ತಾ ಅಳ್ತಾ ಇದ್ರು."

"ಹೆಸರು ಹೇಳಿ."

ಜೊಂಗ್‌ನಿಮ್ ತಲೆಯೆತ್ತಿ ಪ್ಯೊ ಇನ್‌ಸುಕ್ ಕಡೆ ನೋಡಿದಳು. ತಲೆಯಿಂದ ಕಾಲಿನವರೆಗೆ, ಕೆದರಿದ ಕೂದಲು, ಮುಳ್ಳು ಅಂಟಿದ ಪ್ಯಾಂಟು, ಕಲ್ಲು ತಳ್ಳಿ ತರಚಿದ ಅಂಗೈ, ಎಲ್ಲವನ್ನೂ ನಿಧಾನವಾಗಿ ನೋಡಿದಳು.

"ಇವಳ ಮುಂದೆ ಹೇಳಲ್ಲ."

"ಅಮ್ಮಾ, ಇದು ಕೊಲೆ ಯತ್ನ. ಜೈಲಿಗೆ ಹೋಗ್ತೀರಿ."

"ಹೋಗ್ತೀನಿ. ಆದ್ರೆ ಹೇಳಲ್ಲ. ತನಗೋಸ್ಕರ ಅಷ್ಟು ದೂರ ಹೋದ ಗಂಡಸು ಯಾರು ಅನ್ನೋದು ಇವಳ ಕಿವಿಗೆ ಬೀಳೋದು ನನಗೆ ಬೇಡ. ನನಗೋಸ್ಕರ ಯಾರೂ ಒಂದು ಕಲ್ಲು ಎತ್ತಿಟ್ಟಿಲ್ಲ."

ಪ್ಯೊ ಎರಡು ಹೆಜ್ಜೆ ಮುಂದೆ ಬಂದಳು. "ಯಾರು?" ಎಂದಳು.

ತಾಕ್ ಅವಳ ಮುಖ ನೋಡಿದ. ಅಲ್ಲಿ ಹೆದರಿಕೆ ಇರಬೇಕಿತ್ತು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು.

"ನೋಡಿದ್ರಾ, ಸಾಹೇಬ್ರೇ?" ಎಂದಳು ಜೊಂಗ್‌ನಿಮ್. "ನೋಡಿದ್ರಾ ಇವಳ ಮುಖಾನ?"